ಒಂದು ಚಮಚ ಮೂಡಲಗಿ, ಒಂದು ಚಮಚ ಹುಕ್ಕೇರಿ

ಅಂದು ಬೆಳಿಗ್ಗೆಯೂ ಎಂದಿನಂತೆ ನಾನು ಹಾಲು ಒಲೆಯ ಮೇಲಿಟ್ಟು, ಅಂಚಿನಲ್ಲಿ ಕೆನೆ ನೆರಿಗೆಗಟ್ಟುವುದನ್ನು ನೋಡುತ್ತ ನಿಂತಿದ್ದೆ. ಎಂದಿನಂತೆ ಕಾಕಾ ಬಚ್ಚಲ ಬಾಗಿಲು ಬಡಿಯುತ್ತ, “ಇಳಿಯವ್ರು ಲಗೂನ ಇಳೀರೆಪಾ! ಹತ್ತಾವ್ರು ಇಲ್ಲೆ ನಿಂತಾರ!” ಎಂದು ಕೂಗಿದರು. ಒಳಗಿದ್ದವರು ನನ್ನ ಯಜಮಾನರು. ಸಾಬೂನು ಪೂರ್ತಿ ತೊಳೆದುಕೊಂಡರೋ ಇಲ್ಲವೋ, ಟವೆಲು ಸುತ್ತಿಕೊಂಡು ‘ಇಳಿದು’ ಬಂದರು. ಒಂದು ಕಿವಿಯ ಹಿಂದೆ ನೊರೆ ಹಾಗೇ ಇತ್ತು. ಕಾಕಾ ಒಳಗೆ ಹೋಗಿ ಅಗಳಿ ಹಾಕಿ, ತಮಗೆ ತಾವೇ “ರೈಟ್!” ಅಂದುಕೊಂಡರು.

ಇವರು ನನ್ನ ಯಜಮಾನರ ಕಾಕಾ, ಅಂದರೆ ನನ್ನ ಮಾವನವರ ತಮ್ಮ. ಈ ಪ್ರಪಂಚದಲ್ಲಿ ಇವರಿಗೆ ಕಾಣುವುದು ಎರಡೇ ಬಗೆಯ ಜನ: ಹತ್ತುವವರು ಮತ್ತು ಇಳಿಯುವವರು! ಅದು ಅವರ ತಪ್ಪೆನ್ನಲಾರೆ. ಮೂಡಲಗಿಯಿಂದ ಗೋಕಾಕದ ಮೇಲೆ ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಾಗಿಯೇ ಅವರ ಹರೆಯವೆಲ್ಲ ಕಳೆಯಿತು. ವಯಸ್ಸಾಯಿತೆಂದು ಹಾರ ಹಾಕಿ, ಪೇಢೆ ತಿನ್ನಿಸಿ ಅವರನ್ನು ಆ ಬಸ್ಸಿನಿಂದ ಇಳಿಸಿದರು. ಅವರೋ, ಇಳಿದವರೇ ನೇರ ಗೋಕಾಕದ ನಮ್ಮ ಮನೆಯೆಂಬ ಇನ್ನೊಂದು ಬಸ್ಸು ಹತ್ತಿಬಿಟ್ಟರು!

ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಬೆರಳು ಮಡಚಿ ಮೆಲ್ಲಗೆ ಬಾಗಿಲು ತಟ್ಟುವುದನ್ನು ಸಹ ನಮ್ಮ ಸಿಸ್ಟರ್‌ಗಳು ಒಂದು ಪಾಠದಂತೆ ಕಲಿಸಿದ್ದರು. ಹಾಗೆ ಬೆಳೆದ ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಹೊಸ್ತಿಲ ಬಳಿ ಸಂಕೋಚದಿಂದ ನಿಂತಿದ್ದೆ. ಹಿಂದಿನಿಂದ ಒಂದು ಸಿಡಿಲು ಬಂತು: “ಬಾಗಲದಾಗ ನಿಂದರಬ್ಯಾಡ್ರಿ! ಒಳಗ ಸರೀರಿ, ಒಳಗ! ಜಾಗಾ ಭಾಳ ಐತಿ!” ನಾನು ಗಾಬರಿಬಿದ್ದು ಸರಿದೆ. “ಇನ್ನೂ ಸರೀರಿ!” ಇನ್ನೂ ಸರಿದೆ. ಸರಿದು ಸರಿದು ಹಿತ್ತಲ ಬಾಗಿಲಿನಿಂದ ಹೊರಗೆ ಬಿದ್ದೆ! ನುಗ್ಗೆಗಿಡದ ಕೆಳಗೆ ಬಟ್ಟೆ ಒಣಹಾಕುತ್ತಿದ್ದ ಅತ್ತೆ ತಿರುಗಿ ನೋಡಿ, “ಕಾಕಾ ಸಿಕ್ಕಿದ್ರೇನ?” ಅಂದರು ಅಷ್ಟೆ.

ಹುಕ್ಕೇರಿಯಲ್ಲಿ ಬೀಗರ ಮದುವೆಗೆ ಹೋದಾಗಿನ ಕಥೆಯಂತೂ ನಮ್ಮ ಬಳಗದಲ್ಲೆಲ್ಲ ಪ್ರಸಿದ್ಧ. ಊಟದ ಪಂಕ್ತಿಯಲ್ಲಿ ಗದ್ದಲ ಕಂಡ ಕಾಕಾರಿಗೆ ಸುಮ್ಮನಿರಲಾಗಲಿಲ್ಲ. ಹೆಗಲ ಮೇಲಿನ ಟವೆಲು ಸೊಂಟಕ್ಕೆ ಬಿಗಿದು ಒಂದೊಂದೇ ಕುರ್ಚಿ ತುಂಬಿಸುತ್ತ ಹೊರಟರು. ಒಬ್ಬ ಹಿರಿಯರನ್ನು, “ಏಳ್ರಿ ಯಜಮಾನ್ರ, ಇದು ಹೆಂಗಸರ ಸೀಟ್ ಐತಿ” ಎಂದು ಎಬ್ಬಿಸಿ, ಕೂಸನ್ನೆತ್ತಿಕೊಂಡಿದ್ದ ಹೆಂಗಸೊಬ್ಬಳನ್ನು ಕೂರಿಸಿದರು. ಆ ಹಿರಿಯರು ಯಾರು ಅಂದುಕೊಂಡಿರಿ? ಮದುಮಗನ ತಂದೆ! ನಾವೆಲ್ಲ ನೆಲ ಬಿರಿಯಲಿ ಎಂದು ಬೇಡಿಕೊಳ್ಳುತ್ತಿದ್ದರೆ, ಆ ಪುಣ್ಯಾತ್ಮರು ಪೇಟ ಸರಿಮಾಡಿಕೊಂಡು, “ಮುಂದಿನ ಬಸ್ ಎಷ್ಟೊತ್ತಿಗೆರಿ?” ಎಂದು ಕೇಳಿ ನಕ್ಕರು. ಕಾಕಾ ನಗದೆ, “ಹಿಂದನ ಖಾಲಿ ಬರಾಕತ್ತೈತ್ರಿ” ಅಂದರು.

ಲೋಕದ ಮಕ್ಕಳೆಲ್ಲ ಮೊದಲು ‘ಅಮ್ಮ’ ಅನ್ನುತ್ತವಂತೆ. ನನ್ನ ಮಗಳು ಚಿನ್ನಿ ಕಾಕಾರ ಹೆಗಲ ಮೇಲೆ ಕುಳಿತು ಅಂದದ್ದು “ಓದಾನ್!” ಬಸ್ಸು ನಿಲ್ಲಿಸಲು ಕಂಡಕ್ಟರುಗಳು ಕೂಗುವ ‘ಹೋಲ್ಡಾನ್’ ಅದು. ಒಂಬತ್ತು ತಿಂಗಳು ಹೊತ್ತವಳು ನಾನು, ಮೊದಲ ಮಾತು ಸಾರಿಗೆ ಇಲಾಖೆಗೆ!

ಅಂದು ಬೆಳಿಗ್ಗೆ ಮಾತ್ರ ಎರಡು ವರ್ಷದ ಆ ಪುಟ್ಟ ಹುಡುಗಿ ಏನನ್ನೂ ಅನ್ನಲಿಲ್ಲ. ಹಾಲು ಇಳಿಸಿ ಹೋಗಿ ನೋಡಿದರೆ ಮೈ ಕಾದ ಹೆಂಚಿನಂತಿತ್ತು. ನಾನು ಎತ್ತಿಕೊಳ್ಳುವಷ್ಟರಲ್ಲಿ ಹೆಗಲ ಮೇಲೆಯೇ ವಾಂತಿ. ಸೀರೆ ಬದಲಿಸುವಷ್ಟರಲ್ಲಿ ಭೇದಿ. ಯಜಮಾನರು ಹುಕ್ಕೇರಿಯ ಕಚೇರಿಗೆ ಹೊರಡುವ ಮೊದಲು ಸ್ಕೂಟರಿನಲ್ಲಿ ನಮ್ಮನ್ನು ಡಾಕ್ಟರ ಹತ್ತಿರ ಕರೆದೊಯ್ದರು.

ಡಾಕ್ಟರು ಜ್ವರದ ಔಷಧಿ ಬರೆದುಕೊಟ್ಟು, ಓಆರ್‌ಎಸ್ ಪುಡಿಯ ಪೊಟ್ಟಣಗಳನ್ನು ನನ್ನ ಕೈಗಿಟ್ಟರು. “ಈ ನೀರ ಒಂದೊಂದ ಚಮಚ ಕುಡಸ್ರಿ. ಅವಸರ ಬ್ಯಾಡ, ನಡುವ ಸ್ವಲ್ಪ ಬಿಟ್ಟ ಬಿಟ್ಟ. ಮಧ್ಯಾಹ್ನ ಚಾ ಕುಡಿಯೂ ಹೊತ್ತಿನೊಳಗ ಉಚ್ಚಿ ಹೊಯ್ದಳು ಅಂದ್ರ ಚಿಂತಿ ಇಲ್ಲ. ಹೊಯ್ಲಿಲ್ಲಂದ್ರ ತಡ ಮಾಡಬ್ಯಾಡ್ರಿ, ಕರಕೊಂಡ ಬರ್ರಿ, ಸಲೈನ್ ಹಚ್ಚೂಣು.”

ಸಲೈನ್! ಚಿನ್ನಿಯ ಕೈ ನೋಡಿದೆ. ಮಣಿಕಟ್ಟಿನ ಬಳಿ ದಾರ ಕಟ್ಟಿದಂತೆ ಮಡಿಕೆ ಬೀಳುವ ಆ ಗುಂಡು ಕೈಯಲ್ಲಿ ಸೂಜಿ ಎಲ್ಲಿ ಚುಚ್ಚುತ್ತಾರೆ?

ಯಜಮಾನರು ನಮ್ಮನ್ನು ಮನೆಗೆ ಬಿಟ್ಟು, ಹತ್ತು ಸಲ ಹಿಂತಿರುಗಿ ನೋಡುತ್ತ ಹೋದರು. ಅತ್ತೆಯವರು ಮಗಳ ಬಾಣಂತನಕ್ಕೆಂದು ಮೂಡಲಗಿಗೆ ಹೋಗಿದ್ದರು. ಮನೆಯಲ್ಲಿ ಉಳಿದದ್ದು ನಾನು, ಕೂಸು ಮತ್ತು ಕಾಕಾ. ಡಾಕ್ಟರು ಹೇಳಿದ್ದನ್ನೆಲ್ಲ ಕಾಕಾರಿಗೆ ಹೇಳಿದೆ. ಅವರು ಹಣೆಯ ವಿಭೂತಿ ಮುಟ್ಟಿಕೊಂಡು, “ಶಿವಾ” ಎಂದು ಹೊರಗೆ ಹೋಗಿ, ಸ್ವಲ್ಪ ಹೊತ್ತಿಗೆ ಒಳಗೆ ಬಂದರು.

ಅಷ್ಟರಲ್ಲಿ ನನ್ನ ಸೋಲು ಆರಂಭವಾಗಿತ್ತು. ಕಾನ್ವೆಂಟಿನಲ್ಲಿ ಕಲಿತ ಸೌಜನ್ಯವನ್ನೆಲ್ಲ ಚಮಚದ ತುದಿಗೆ ತಂದು, “ಪ್ಲೀಸ್ ಚಿನ್ನಿ, ಒಂದೇ ಒಂದು, ಗುಡ್ ಗರ್ಲ್ ಅಲ್ವಾ?” ಅಂದೆ. ಗುಡ್ ಗರ್ಲ್ ತುಟಿಗಳನ್ನು ಹೊಲಿದವಳಂತೆ ಮುಚ್ಚಿಕೊಂಡಳು. ಪದ್ಯ ಹೇಳಿದೆ. ಮುಖ ತಿರುಗಿಸಿದಳು. ನಾನೇ ಒಂದು ಚಮಚ ಕುಡಿದು “ಆಹಾ!” ಅಂದೆ. ಆ ಉಪ್ಪುಸಿಹಿ ನೀರಿಗೆ ನನ್ನ ಮುಖ ಹೇಗಾಯಿತೋ, ಅದನ್ನು ನೋಡಿದ ಮೇಲಂತೂ ಆಕೆ ಹಲ್ಲನ್ನೂ ಕಚ್ಚಿಕೊಂಡಳು!

“ಸರಿ ಯವ್ವಾ, ನಿನ್ನ ಕಡಿಂದ ಆಗಂಗಿಲ್ಲ,” ಎಂದರು ಕಾಕಾ. ಅಟ್ಟದ ಮೇಲಿಂದ ತಮ್ಮ ಹಳೆಯ ಚರ್ಮದ ಚೀಲ ಇಳಿಸಿದರು. ಅದನ್ನು ಮುಟ್ಟಲು ಈ ಮನೆಯಲ್ಲಿ ಯಾರಿಗೂ ಅಪ್ಪಣೆಯಿಲ್ಲ. ಧೂಳು ಒರೆಸಿ, ಪಟ್ಟಿಯನ್ನು ಗಂಟು ಹಾಕಿ ಗಿಡ್ಡ ಮಾಡಿ, ಚಿನ್ನಿಯ ಕೊರಳಿಗೆ ಹಾಕಿದರು. ತಾವು ಚಾಪೆಯ ಮೇಲೆ ಕುಳಿತು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಊಟದ ತಾಟು ಸ್ಟೇರಿಂಗ್ ಆಯಿತು.

“ಕಂಡಕ್ಟರ್ ಬಾಯಾರ, ಇವತ್ತ ನಾ ಬರೇ ಡ್ರೈವರ್ ನೋಡ್ರಿ. ನೀವು ಹೋಲ್ಡಾನ್ ಅಂದ್ರ ನಿಂದರತೈತಿ, ರೈಟ್ ಅಂದ್ರ ಹೋಗತೈತಿ. ಮೂಡಲಗಿ ಬಂತ್ರಿ! ನಿಲ್ಲಸ್ಲೇನ?”

ಕಂಡಕ್ಟರ್ ಮೇಡಂ ಆದ ಚಿನ್ನಿ ಸೋತ ಕಣ್ಣು ತೆರೆದು ಕೊರಳಿನ ಚೀಲ ನೋಡಿಕೊಂಡಳು. ತುಂಬ ಹೊತ್ತು ಯೋಚಿಸಿದಳು. ಅಧಿಕಾರ ಯಾರಿಗೆ ಬೇಡ?

“ಓದಾನ್,” ಅಂದಳು.

ಅನ್ನಲು ಬಾಯಿ ತೆರೆಯಲೇಬೇಕಲ್ಲ! ಆ ಸಂದಿಯಲ್ಲಿ ಕಾಕಾ ಚಮಚ ನುಗ್ಗಿಸಿದರು. “ಮೂಡಲಗಿ ಗೌಡ್ರ ಹತ್ತಿದ್ರು! ರೈಟ್!”

ನಾನು ಬಾಯಿಬಿಟ್ಟು ನೋಡುತ್ತ ನಿಂತೆ. ಕಲ್ಲೋಳಿಯಲ್ಲಿ ಬದನೆಕಾಯಿ ಬುಟ್ಟಿಯ ಆಯಿ ಹತ್ತಿದಳು. ಮುಂದೆ ಒಬ್ಬ ಮಾಸ್ತರರು ಕೊಡೆಯ ಸಮೇತ ಹತ್ತಿದರು. ಹೀಗೆ ಚಮಚಕ್ಕೊಬ್ಬರಂತೆ ಪ್ರಯಾಣ ಸುಗಮವಾಗಿ ಸಾಗಿ ಗೋಕಾಕ ಬಂತು. ಅಲ್ಲಿ ಕಾಕಾ ಎಡವಿದರು! ಗೋಕಾಕವೆಂದರೆ ಸಣ್ಣ ಸ್ಟಾಪೇ? ಸಂತೆಯ ದಿನ ಸ್ಟ್ಯಾಂಡಿನಲ್ಲಿ ಎಷ್ಟು ಜನರಿರುತ್ತಾರೆ! ಹಳೆಯ ಹುಮ್ಮಸ್ಸು ಮೈದುಂಬಿ, “ಹತ್ರಿ ಹತ್ರಿ, ಒಳಗ ಸರೀರಿ, ಇನ್ನೊಬ್ರು ಬರ್ರಿ!” ಎನ್ನುತ್ತ ಒಂದರ ಹಿಂದೊಂದು ಚಮಚ ಹತ್ತಿಸಿಯೇ ಹತ್ತಿಸಿದರು. ನಾನು “ಕಾಕಾ, ಸಾಕ್ರಿ!” ಅನ್ನುವಷ್ಟರಲ್ಲಿ ಚಿನ್ನಿಯ ಹೊಟ್ಟೆ ಒಮ್ಮೆ ಕುಲುಕಿತು. ಗೌಡರು, ಆಯಿ, ಮಾಸ್ತರರು, ಗೋಕಾಕದ ಸಂತೆ, ಎಲ್ಲರೂ ಒಮ್ಮೆಗೇ ಚಾಪೆಯ ಮೇಲೆ ಇಳಿದುಬಿಟ್ಟರು.

ಚಿನ್ನಿ ಅತ್ತಳು. ತುಟಿ ಒಣಗಿ ಬಿರಿದಿತ್ತು. ನಾನು ಕೆನ್ನೆ ಒರೆಸಲು ಹೋದೆ. ಸೆರಗಿಗೆ ಏನೂ ಹತ್ತಲಿಲ್ಲ. ಇಷ್ಟು ಅಳುತ್ತಿದ್ದಾಳೆ, ಕಣ್ಣಲ್ಲಿ ನೀರೇ ಇಲ್ಲ.

“ಸೀಟ್ ಇಲ್ಲದಾಗ ಹತ್ತಿಸಿಬಿಟ್ಟೆ ಯವ್ವಾ,” ಎಂದರು ಕಾಕಾ, ಸಣ್ಣ ದನಿಯಲ್ಲಿ. “ಜಲ್ಮ ಪೂರ್ತಿ ಅದನ್ನ ಮಾಡೇನಿ. ಚಟ.”

ಡಾಕ್ಟರಿಗೆ ಫೋನ್ ಮಾಡಿದೆ. ‘ಭೇದಿ’ ಎಂಬ ಪದವನ್ನು ಗಂಡಸರ ಮುಂದೆ ಹೇಳಲು ನಾಲಿಗೆ ಹೊರಳದೆ, “ಅದೇ ಡಾಕ್ಟರ್... ಅಂದರೆ... ಎರಡೂ ಕಡೆ...” ಎಂದು ನಾನು ತಡವರಿಸುತ್ತಿದ್ದಂತೆ ಕಾಕಾ ಫೋನ್ ಕಸಿದುಕೊಂಡರು.

“ಡಾಕ್ಟರ್ರ, ನಮಸ್ಕಾರ್ರಿ. ಹಿಂದಿನ ಬಾಗಲ ಈಗ ಬಂದ್ ಆಗೈತ್ರಿ. ಮುಂದಿನ ಬಾಗಲದಿಂದ ಒಮ್ಮೆ ಪೂರಾ ಇಳದ್ರು. ತಪ್ಪ ನಂದ, ಓವರ್‌ಲೋಡ್ ಮಾಡಿದೆ. ಆದ್ರ ಅಳಾಕತ್ತಾಳು, ಕಣ್ಣಾಗ ನೀರಿಲ್ರಿ.”

ಡಾಕ್ಟರಿಗೆ ಒಂದೇ ಸಲಕ್ಕೆ ಎಲ್ಲ ತಿಳಿಯಿತು! ಸ್ವಲ್ಪ ಹೊತ್ತು ಹೊಟ್ಟೆಗೆ ವಿಶ್ರಾಂತಿ ಕೊಟ್ಟು ಮತ್ತೆ ಒಂದೊಂದೇ ಚಮಚ ಶುರುಮಾಡಿ, ಇನ್ನೊಮ್ಮೆ ಹಾಗಾದರೆ ಅಥವಾ ಹೇಳಿದ ಹೊತ್ತಿನೊಳಗೆ ಉಚ್ಚೆ ಆಗದಿದ್ದರೆ ದಾರಿ ನೋಡದೆ ಬನ್ನಿ ಅಂದರು. ಕೊನೆಗೆ, “ಈ ಸಲ ಸ್ಟ್ಯಾಂಡಿಂಗ್ ಬ್ಯಾಡ್ರಿ ಕಾಕಾ,” ಎಂದರಂತೆ.

ಮತ್ತೆ ಬಸ್ಸು ಹೊರಟಿತು. ಈ ಸಲ ಗೋಕಾಕದಲ್ಲಿ ಹತ್ತಿದವರು ಒಬ್ಬರೇ. “ಉಳದವ್ರು ಮುಂದಿನ ಗಾಡಿಗೆ ಬರ್ರಿ, ನಮ್ಮ ಕಂಡಕ್ಟರ್ ಬಾಯಾರ ಭಾಳ ಸ್ಟ್ರಿಕ್ಟ್ ಅದಾರ!” ಎಂದು ಕಾಕಾ ಕಾಣದ ಜನರನ್ನು ಗದರಿಸಿದರು. ನಾನು ಒದ್ದೆ ಬಟ್ಟೆಯಿಂದ ಕೂಸಿನ ಮೈ ಒರೆಸುತ್ತ ಕುಳಿತೆ. ಕೊಣ್ಣೂರ ಬಂತು. ಘಟಪ್ರಭಾ ಬಂತು. ಇನ್ನೇನು ಹುಕ್ಕೇರಿ ಅನ್ನುವಾಗ ಬಟ್ಟಲಿನಲ್ಲಿ ನೀರು ಇನ್ನೂ ಅರ್ಧ ಉಳಿದಿತ್ತು. ಹೀಗಾಗಿ ಬಸ್ಸು ತಿರುಗಿ ಮೇಲವಂಕಿಗೆ ಹೋಯಿತು.

“ಕಾಕಾ, ಆ ದಾರಿಯಲ್ಲಿ ಮೇಲವಂಕಿ ಎಲ್ಲಿ ಬರತೈತ್ರಿ?” ಎಂದೆ ನಾನು. ಭೂಗೋಳದಲ್ಲಿ ನನಗೆ ಯಾವಾಗಲೂ ಒಳ್ಳೆಯ ಅಂಕ.

“ಬರಂಗಿಲ್ಲ. ಮಂದಿ ಅಡ್ಡ ನಿಂತ ಕೈ ಮಾಡಿದ್ರ ಏನ್ ಮಾಡ್ಲಿ?”

ಅಲ್ಲಿಂದ ಒಂದೇ ನೆಗೆತಕ್ಕೆ ಕಣಗಲಾಕ್ಕೂ ಹೋಗಿ ಬಂದೆವು! ದಾರಿಯಲ್ಲಿ ಎಮ್ಮೆ ಅಡ್ಡ ಬಂತು, ರೈಲ್ವೆ ಗೇಟು ಬಿತ್ತು. ಹೊಟ್ಟೆಗೆ ಬಿಡುವು ಬೇಕೆಂದಾಗಲೆಲ್ಲ ಹೀಗೆ ಏನಾದರೊಂದು ಅಡ್ಡ ಬರುತ್ತಲೇ ಇತ್ತು. ನಾನು ಗಳಿಗೆಗೊಮ್ಮೆ ಚಿನ್ನಿಯ ಚಡ್ಡಿ ಮುಟ್ಟಿ ನೋಡುತ್ತಿದ್ದೆ. ಒಣಗಿಯೇ ಇತ್ತು. ಓಣಿಯಲ್ಲಿ ಯಾರ ಮನೆಯಿಂದಲೋ ಚಹಾದ ಶುಂಠಿಯ ವಾಸನೆ ಬಂತು. ಚಹಾದ ಹೊತ್ತು! ನಾನು ಎದ್ದು ಚಿನ್ನಿಯ ಅಂಗಿ, ಟವೆಲು ಚೀಲಕ್ಕೆ ತುಂಬತೊಡಗಿದೆ. ಒಂದೇ ಅಂಗಿಯನ್ನು ಮೂರು ಸಲ ಮಡಚಿದೆ.

“ಯವ್ವಾ!” ಕಾಕಾರ ಕೂಗಿಗೆ ಕಿಟಕಿಯ ಮೇಲಿನ ಗುಬ್ಬಿ ಹಾರಿಹೋಯಿತು. “ಯವ್ವಾ, ಓಡಿ ಬಾ!”

ಓಡಿದೆ. ಕಾಕಾ ಎರಡೂ ಕೈ ಮೇಲೆತ್ತಿ ಕುಳಿತಿದ್ದರು. ಇಸ್ತ್ರಿಯ ಗೆರೆ ಮಾಸದ ಅವರ ಬಿಳಿ ಧೋತರದ ಮೇಲೆ ಒಂದು ಕೆರೆ ಹಿಗ್ಗುತ್ತ ಹಿಗ್ಗುತ್ತ ಮೊಣಕಾಲು ದಾಟುತ್ತಿತ್ತು!

“ರೇಡಿಯೇಟರ್ ತುಂಬಿ ಹರೀತ ನೋಡ!” ಎಂದು ಕಾಕಾ ಅಭಿಷೇಕ ಮಾಡಿಸಿಕೊಂಡವರಂತೆ ಬೆಳಗಿದರು. “ಅಲ್ಲಾಡಸಬ್ಯಾಡ, ಪೂರ್ತಿ ಆಗ್ಲಿ!”

ನಾನು ನಕ್ಕೆ. ಅತ್ತುಬಿಟ್ಟೆ. ಎರಡನ್ನೂ ಒಟ್ಟಿಗೆ ಮಾಡಿದೆ. ಕಂಡಕ್ಟರ್ ಬಾಯಿಯವರು ನಮ್ಮಿಬ್ಬರನ್ನೂ ಗಂಭೀರವಾಗಿ ನೋಡಿ, “ಐಟ್” ಅಂದರು. ಡಾಕ್ಟರಿಗೆ ಸುದ್ದಿ ಮುಟ್ಟಿಸಿದೆ. ಹೀಗೇ ಮುಂದುವರಿಸಿ, ಇನ್ನು ಸಲೈನ್ ಬೇಡ ಅಂದರು. ಅಷ್ಟರಲ್ಲಿ ಚಿನ್ನಿ ಒದ್ದೆ ತೊಡೆಯ ಮೇಲೆಯೇ ನಿದ್ದೆ ಹೋದಳು. ಜ್ವರ ಇಳಿದು ಹಣೆಯ ಮೇಲೆ ಬೆವರು ಮೂಡಿತ್ತು.

“ಕಾಕಾ, ಕೊಡ್ರಿ, ನಾ ಮಲಗಿಸ್ತೀನಿ. ಧೋತರ ಬದಲಿ ಮಾಡ್ರಿ.”

“ಶ್! ಗಾಡಿ ಡಿಪೋದಾಗ ನಿಂತೈತಿ. ಎಬ್ಬಸಬ್ಯಾಡ.”

ಹೊತ್ತು ಇಳಿಯುವವರೆಗೂ ಹಾಗೇ ಕುಳಿತಿದ್ದು, ಕೂಸು ಹೊರಳಿದ ಮೇಲಷ್ಟೇ ಮೆಲ್ಲಗೆ ಚಾಪೆಗೆ ಸರಿಸಿ ಎದ್ದರು. ಧೋತರ ಬದಲಿಸಿ, ಕಾಲು ಜೋಮು ಹಿಡಿದಿದೆ, ಓಣಿಯಲ್ಲಿ ನಾಲ್ಕು ಹೆಜ್ಜೆ ಹಾಕಿ ಬರುತ್ತೇನೆಂದು ಕುಂಟುತ್ತ ಹೋದರು.

ನಾನು ಧೋತರ ಒಗೆದು ಹಿತ್ತಲಲ್ಲಿ ಹಿಂಡುತ್ತಿದ್ದಾಗ ಬಾಜೂ ಮನೆಯ ವೈನಿ ಗೋಡೆಯಾಚೆ ಒಣಗಿದ ಬಟ್ಟೆ ತೆಗೆಯಲು ಬಂದರು. ಹೆಗಲ ಮೇಲೆ ಬಟ್ಟೆ ಹೇರಿಕೊಳ್ಳುತ್ತ, ನನ್ನ ಕಡೆ ನೋಡದೆಯೇ ಅಂದರು:

“ನಮ್ಮ ಗೇಟಿನ್ಯಾಗ ನಿಂತಿದ್ದ ಬಿಳಿ ಜೀಪ್ ಈಗ ಹೋತ ನೋಡ್ರಿ. ನಿಮ್ಮ ಕಾಕಾ ಹೋಗಿ ‘ಕೂಸ ಆರಾಮ ಆತಪಾ’ ಅಂದ ಮ್ಯಾಲೆ. ಅವರ ಬಸ್ಸಿನ ಹಳೇ ಡ್ರೈವರ್ ಅಂತಲ್ಲ ಆ ಮುದಕ? ದವಾಖಾನಿಗೆ ಒಯ್ಯೂದ ಬಂದ್ರ ತಯಾರ ಇರಲಿ ಅಂತ ಮುಂಜಾನಿಯಿಂದ ಗಾಡ್ಯಾಗನ ಕುಂತಿದ್ದ, ಊಟಕ್ಕ ಕರದ್ರೂ ಇಳೀಲಿಲ್ಲ. ಅಲ್ರೀ, ನಿಮ್ಮ ಮನಿ ಮುಂದ ನಿಲ್ಲಿಸಿದ್ರ ಕೂಸಿನ ಅವ್ವ ಅಂಜ್ತಾಳಂತ, ಅದಕ್ಕ ಕಾಕಾ ನಮ್ಮ ಗೇಟಿಗೆ ತಂದ ನಿಲ್ಲಿಸಿದ್ರಂತ! ನನ್ನ ರಂಗೋಲಿ ಎಲ್ಲಾ ಗಾಲಿ ಬುಡಕ ಹೋತ ನೋಡ್ರಿ.”