ದನದ ಮೇವಿನ ಶಿರಾ

ಕಸ್ಟಮ್ಸ್ ಇಲಾಖೆಯಲ್ಲಿ ಕೂತವರು ನಗಲು ಬೇರೆ ಕಡೆ ಹೋಗಬೇಕಿಲ್ಲ. ನಗೆ ವಿದೇಶದಿಂದ ಲಾರಿ ಹತ್ತಿ ನಮ್ಮ ಬಾಗಿಲಿಗೇ ಬರುತ್ತದೆ. ಬೆಳಗಾವಿಯಲ್ಲಿ ಅಧಿಕಾರಿಯಾಗಿ ನಾನು ಕಂಡ ಇಂಥ ಪ್ರಸಂಗಗಳಲ್ಲಿ ಮುಕ್ಕಾಲು ಪಾಲು ಒಬ್ಬರೇ ಆಮದು ವ್ಯಾಪಾರಿಯ ಕೃಪೆ. ಮನೆ, ಗೋದಾಮು ಎರಡೂ ಖಾನಾಪುರದಲ್ಲಿ. ಅವರನ್ನು ಸಾಹುಕಾರರು ಎನ್ನೋಣ.

ಕುಂದಾದ ಡಬ್ಬಿ

ಆಗ ದಂಡ ತೀರ ಸಣ್ಣದು. ಮಾಲಿನ ಬೆಲೆ ಕಡಿಮೆ ತೋರಿಸಿ ಸಿಕ್ಕಿಬಿದ್ದರೂ ಸಾಹುಕಾರರಿಗೆ ಬೇಸರವಿಲ್ಲ. ಉಳಿಸಿದ ಸುಂಕದ ಮುಂದೆ ಆ ದಂಡ ಅವರಿಗೆ ಚಹಾದ ಖರ್ಚು. ಕಟ್ಟಲು ಬರುವಾಗ ಕೈಯಲ್ಲಿ ನಮ್ಮೂರ ಸಿಹಿ ಕುಂದಾದ ಡಬ್ಬಿ ಬೇರೆ.

“ಇದ್ಯಾಕ್ರೀ?” ಎಂದೆ.

“ಖುಷಿಗೆ ರೀ ಮೇಡಮ್. ಹೋದ ಸಲದಷ್ಟ ಹಾಕೀರಿ, ಏರಿಸಿಲ್ಲ!”

ಡಬ್ಬಿ ವಾಪಸ್ ಕೊಟ್ಟೆ. ಮೈಯೆಲ್ಲ ಉರಿಯಿತು. ಈ ಮನುಷ್ಯನ ಮುಖದ ಮೇಲಿನ ನಗುವನ್ನು ಒಂದು ದಿನವಾದರೂ ಇಳಿಸಲೇಬೇಕೆಂದು ಅಂದೇ ಹಟ ಹಿಡಿದೆ.

ಹೊತ್ತಿದ ನೂಲು

ಮುಂದೆ ರೇಷ್ಮೆ ನೂಲು ತರಿಸಿ ಪಾಲಿಯೆಸ್ಟರ್ ಎಂದು ಬರೆದರು. ನಾನು ಹುಟ್ಟಿ ಬೆಳೆದದ್ದು ಬೆಳಗಾವಿಯದೇ ಶಹಾಪುರದ ನೇಕಾರರ ಮನೆಯಲ್ಲಿ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ. ಒಂದು ಎಳೆ ಎಳೆದು ಕಡ್ಡಿ ಗೀರಿದೆ. ಪಾಲಿಯೆಸ್ಟರ್ ಆಗಿದ್ದರೆ ಕರಗಿ ಗಂಟಾಗಬೇಕು, ಇದು ಬೂದಿಯಾಯಿತು. ಕೂದಲು ಸುಟ್ಟ ವಾಸನೆ ಕೋಣೆಯೆಲ್ಲ ತುಂಬಿತು.

“ಏನ್ ವಾಸನಿ ಇದು, ಸಾಹುಕಾರ್ರ?”

ಅವರು ಟೋಪಿ ತೆಗೆದು ತಲೆ ಸವರಿಕೊಂಡರು. “ನಂದಂತೂ ಅಲ್ರೀ ಮೇಡಮ್. ನನಗ ಕೂದಲಾ ಇಲ್ಲ.”

ಆ ಸಲವೂ ನಗುತ್ತಲೇ ದಂಡ ಕಟ್ಟಿ ಹೋದರು.

ಆಯಿಯ ಉಪಚಾರ

ಆಮೇಲೆ ಕಾನೂನು ಬಿಗಿಯಾಯಿತು. ಸುಳ್ಳು ಬರೆದು ಸಿಕ್ಕರೆ ಮಾಲು ಜಪ್ತಿ, ತಪ್ಪಿಸಿದ ಸುಂಕದಷ್ಟೇ ದಂಡ, ಮೇಲೆ ಜೈಲು. ಕುಂದಾ ಬರುವುದು ನಿಂತಿತು. ಆದರೆ ಚಟ ಬಿಡಬೇಕಲ್ಲ! ಖಾನಾಪುರದ ಗೋದಾಮಿಗೆ ಗೋಡಂಬಿ ಬಂತು. ಕಾಗದದಲ್ಲಿ ಮಾತ್ರ ‘ದನದ ಮೇವು’. ಮನೆಗೆ ಹೊಂದಿಕೊಂಡೇ ಇದ್ದ ಆ ಗೋದಾಮಿಗೆ ನಾನೇ ತಪಾಸಣೆಗೆ ಹೋಗಿ ಒಂದು ಚೀಲ ಬಿಚ್ಚಿಸಿದೆ.

“ಮುರಕಲ ಚೂರು ರೀ, ಮಂದಿ ಬಾಯಾಗ ಇಡಾಕ ಬರೂದಿಲ್ಲ” ಎಂದು ಸಾಹುಕಾರರ ವಾದ.

ನಮ್ಮ ಸಾಹೇಬರು ಫೋನಿನಲ್ಲಿ ಗದರಿದರು: “ಮಂದಿ ತಿನ್ನೂ ಮಾಲಂತ ಇವತ್ತ ಸಾಬೀತ ಮಾಡ್ರಿ. ಇಲ್ಲಂದ್ರ ಮಾಲ ಬಿಟ್ಟು, ಮಾಫಿ ಕೇಳಿ ಬರ್ರಿ.”

ಅಷ್ಟರಲ್ಲಿ ಸಾಹುಕಾರರ ತಾಯಿ, ಓಣಿಯೆಲ್ಲ ‘ಆಯಿ’ ಎಂದು ಕರೆಯುವ ಹಿರಿಯರು, ತಾಟು ಹಿಡಿದು ಬಂದರು. ರವೆಯ ಬಿಸಿ ಶಿರಾ, ಮೇಲೆ ತುಪ್ಪದಲ್ಲಿ ಹುರಿದ ಗೋಡಂಬಿ.

“ಮನಿಗೆ ಬಂದು ಹಂಗ ಹೋಗಬಾರದು, ಅಕ್ಕಾರ. ತಿನ್ರಿ.”

“ಗೋಡಂಬಿ ಎಲ್ಲಿಂದು, ಆಯಿ?”

“ನಮ್ಮ ಗೋದಾಮಿಂದ ರೀ! ಈಗ ಬಿಚ್ಚಿದ ಚೀಲ.”

ಸಾಹುಕಾರರಿಗೆ ಒಮ್ಮೆಲೇ ಕೆಮ್ಮು ಹತ್ತಿತು.

“ಅದು ದನದ ಮೇವಂತ ನಿಮ್ಮ ಮಗಾ ಬರಕೊಟ್ಟಾರಲ್ಲ?” ಎಂದೆ.

ಆಯಿ ಕೆಂಡವಾದರು. ಮಗನತ್ತ ತಿರುಗಿ, “ಮನಿಗೆ ಬಂದವ್ರಿಗೆ ನಾ ದನದ ಮೇವು ಹಾಕ್ತೀನೇನೋ? ಖರೇ ಹೇಳು, ಇದು ಮೇವೇನು?” ಎಂದರು.

ಹೌದೆಂದರೆ ತಾಯಿ, ಅಲ್ಲವೆಂದರೆ ಜೈಲು. ಸಾಹುಕಾರರು ಇಬ್ಬರ ಮುಖವನ್ನೂ ನೋಡಿದರು. ಕೊನೆಗೆ ತಾಯಿಗೇ ಹೆಚ್ಚು ಹೆದರಿದರು.

“ಅಲ್ಲ ಆಯಿ. ಮಂದಿ ತಿನ್ನೂದ. ಒಂದ್ ನಂಬರ್ ಮಾಲ.”

ಅದನ್ನೇ ಬರೆಸಿ ಸಹಿ ಹಾಕಿಸಿಕೊಂಡೆ. ಗೋದಾಮಿಗೆ ಸೀಲ್ ಬಿತ್ತು. ಇಷ್ಟು ವರ್ಷದ ಆ ನಗು ಕಣ್ಣೆದುರೇ ಇಳಿದಾಗ ನನಗಾದ ಖುಷಿ ಹೇಳತೀರದು. ಸಾಕ್ಷಿಗಿರಲಿ ಎಂದು ಶಿರಾದ ತಾಟನ್ನೂ ಬಟ್ಟೆಯಲ್ಲಿ ಕಟ್ಟತೊಡಗಿದೆ. ಅದನ್ನು ಕಂಡು ಆಯಿಯ ಮುಖ ಅರಳಿತು.

“ಇಷ್ಟು ಸೇರಿತೇನ್ರೀ? ಅರಿವ್ಯಾಗ ಯಾಕ ಕಟ್ತೀರಿ, ತಡೀರಿ, ಡಬ್ಬಿ ತುಂಬಿ ಕೊಡ್ತೀನಿ!”