ನಿಲಾಯ್‌ನಿಂದ ಪಂಜಾಬಿಗೆ ಅರ್ಧ ದಿನ

"ಇವತ್ತು ನಿನ್ನನ್ನು ಒಮ್ಮೆಯಾದ್ರೂ ನಗಿಸದೆ ನಿಲಾಯ್‌ಗೆ ವಾಪಸ್ ಬಂದ್ರೆ, ನಾನು ಮಧ್ವರಾಜನೇ ಅಲ್ಲ!"

ಮಲೇಷ್ಯಾದ ನಿಲಾಯ್ ಊರಿನ ಮೆಡಿಕಲ್ ಕಾಲೇಜಿನ ಮೇಷ್ಟ್ರು ಡಾಕ್ಟರ್ ಮಧ್ವರಾಜರು ಸ್ಟೇರಿಂಗ್ ಮುಟ್ಟಿ ಭೀಷ್ಮಪ್ರತಿಜ್ಞೆ ಮಾಡಿದ್ದೇನೋ ಸರಿ. ಪಕ್ಕದಲ್ಲಿ ಕೂತ ಹೆಂಡತಿ ವಾರಿಜಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆರು ತಿಂಗಳ ಹಿಂದೆ ಉಡುಪಿಯಲ್ಲಿ ಅವಳ ಅಮ್ಮ ಕೊರೋನಾಕ್ಕೆ ತೀರಿಕೊಂಡಿದ್ದರು. ವಿಮಾನವಿಲ್ಲ, ಗಡಿ ಬಂದ್. ಅಮ್ಮನ ಮುಖವನ್ನು ಕೊನೆಗೆ ಫೋನಿನಲ್ಲಿ ನೋಡಿದ್ದಳು, ಅದೂ ನೆಟ್‌ವರ್ಕ್ ಇದ್ದಷ್ಟು ಹೊತ್ತು. ಅಂದಿನಿಂದ ನಗುವೂ ಇಲ್ಲ, ಅಳುವೂ ಇಲ್ಲ. ಮನೆಯಲ್ಲಿ ಬಾಯಿ ಬಿಡುತ್ತಿದ್ದದ್ದು ಮಿಕ್ಸಿ ಒಂದೇ!

ಅಮ್ಮ, ಮಗಳು ಒಟ್ಟಿಗೆ ಅಮೃತಸರ ನೋಡಬೇಕೆಂದು ಹಿಂದಿನ ವರ್ಷ ಟಿಕೆಟ್ ಮಾಡಿಸಿದ್ದರು. ಅದು ಲಾಕ್‌ಡೌನಿನ ಹೊಟ್ಟೆ ಸೇರಿತು. ಈಗ ಮಲೇಷ್ಯಾ ಸರ್ಕಾರ ರಾಜ್ಯದಿಂದ ರಾಜ್ಯಕ್ಕೆ ಹೋಗಲು ಬಿಟ್ಟದ್ದೇ ತಡ, ಡಾಕ್ಟರರು ಅಮೃತಸರದ ಬದಲಿಗೆ ಇಲ್ಲೇ 'ಪಂಜಾಬ್ ದರ್ಶನ' ಹಮ್ಮಿಕೊಂಡರು. ಕೌಲಾಲಂಪುರದ ಗುರುದ್ವಾರ, ಅಲ್ಲಿಯ ಕೀರ್ತನೆ, ಬ್ರಿಟಿಷರ ಕಾಲದ ಸಿಖ್ ಪೊಲೀಸರ ಫೋಟೋಗಳು, ಆಮೇಲೆ ಅಲ್ಲಿಯ ಇಂಡಿಯನ್ ಪೇಟೆ ಬ್ರಿಕ್‌ಫೀಲ್ಡ್ಸ್‌ನಲ್ಲಿ ಲಸ್ಸಿ!

"ಮಾಸ್ಕ್ ಮುಟ್ಬೇಡ. ಕೈ ಬಾಯಿಗೆ ತಾಗಿಸ್ಬೇಡ," ಎಂದು ದಾರಿಯುದ್ದಕ್ಕೂ ಉಪದೇಶ.

"ಗೊತ್ತುಂಟು ಮಾರಾಯ್ರೆ. ಒಂದೂವರೆ ವರ್ಷದಿಂದ ಅದನ್ನೇ ಕೇಳ್ತಾ ಇದ್ದೇನೆ."

ಗುರುದ್ವಾರದ ಬಾಗಿಲಲ್ಲಿ ವಾರಿಜಾ ತಲೆಗೆ ಹಳದಿ ದುಪಟ್ಟಾ ಹೊದ್ದಳು. ಅಮೃತಸರಕ್ಕೆಂದೇ ಅಮ್ಮ ಕೊಂಡು ಕಳಿಸಿದ್ದು ಅದು. ಡಾಕ್ಟರರು ಕರ್ಚೀಫು ಕಟ್ಟಿಕೊಂಡರು. ಒಳಗಿನಿಂದ ಹಾಡು, ತಬಲಾ. ಬಿಳಿ ಗಡ್ಡದ ಸರ್ದಾರ್‌ಜಿ ಪುಟ್ಟ ಬಾಟಲಿ ಬಗ್ಗಿಸಿದರು. ಡಾಕ್ಟರರದು ಉಡುಪಿಯಲ್ಲಿ ಬೆಳೆದ ಕೈ ನೋಡಿ! ತಾನಾಗಿಯೇ ಗುಳಿಯಾಯಿತು. ಕಣ್ಣು ಮುಚ್ಚಿತು, ಮಾಸ್ಕ್ ಗಲ್ಲಕ್ಕಿಳಿಯಿತು. ಡಾಕ್ಟರರು 'ಸೊರ್' ಎಂದು ಹೀರಿ, ಉಳಿದದ್ದನ್ನು ಭಕ್ತಿಯಿಂದ ತಲೆಗೆ ಸವರಿಕೊಂಡರು!

"ಅಯ್ಯೋ ಬಾಸ್! ದಟ್ ಒನ್ ಸ್ಯಾನಿಟೈಸರ್ ಲಾ! ಕೆನಾಟ್ ಡ್ರಿಂಕ್!" ಎಂದು ಸರ್ದಾರ್‌ಜಿ ಮಲೇಷ್ಯಾದ ಇಂಗ್ಲಿಷಿನಲ್ಲಿ ಕೂಗಿದರು.

ನಾಲಗೆಗೆ ಬೆಂಕಿ ಬಿತ್ತು. ನಲ್ಲಿಗೆ ಓಡಿ ಉಗುಳಿ, ಹತ್ತು ಸಲ ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ವಾರಿಜಾ ಗೋಡೆ ಹಿಡಿದು ನಗುತ್ತಿದ್ದಳು.

"ಊರಿಗೆಲ್ಲ ಕೈ ತೊಳೆಯುವ ಪಾಠ ಮಾಡಿದ ಡಾಕ್ಟ್ರು! ಅಮ್ಮ ಇದ್ದಿದ್ರೆ ಒಂದು ವಾರ ನಗ್ತಿದ್ಲು. ಅವಳ ಪಾಲಿನದ್ದೂ ಈಗ ನಾನೇ..."

ನಗು ಅಲ್ಲಿಗೇ ನಿಂತಿತು. ಮೆಟ್ಟಿಲ ಮೇಲೆ ಕುಸಿದು, ಹಳದಿ ದುಪಟ್ಟಾ ಬಾಯಿಗೆ ಒತ್ತಿಕೊಂಡು, ಆರು ತಿಂಗಳದ್ದನ್ನೆಲ್ಲ ಅತ್ತಳು. ಪ್ರತಿಜ್ಞೆ ಗೆದ್ದಿತ್ತು. ಡಾಕ್ಟರರು ಮಾಸ್ಕ್ ಮೇಲೆತ್ತಿಕೊಂಡು ಅವಳ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಒಳಗೆ ಹೋಗುವನಾ?" ಎಂದರು ಕೊನೆಗೆ.

"ನೀವು ಹೋಗಿ. ನಿಮ್ಮ ತೀರ್ಥ ಆಯ್ತಲ್ಲ, ಪ್ರಸಾದ ತನ್ನಿ," ಎಂದು ಮೂಗು ಒರೆಸಿಕೊಂಡಳು. "ಮೂರು ಪಾಲು."

ಕೊರೋನಾ ಕಾಲದ ಪ್ರಸಾದ, ಪೊಟ್ಟಣದಲ್ಲಿ ತಪಾವ್, ಅಂದರೆ ಮಲೇಷ್ಯಾದ ಪಾರ್ಸೆಲ್. ಅದೇ ಸರ್ದಾರ್‌ಜಿ ಎರಡು ಕೊಟ್ಟರು. ಡಾಕ್ಟರರು ಮೂರು ಬೆರಳು ತೋರಿಸಿದರು.

"ಟೂ ಪೀಪಲ್, ವೈ ತ್ರೀ?"

"ಹರ್ ಮದರ್," ಎಂದು ಡಾಕ್ಟರರು ವಾರಿಜಾ ಕಡೆ ಕೈ ತೋರಿಸಿದರು. ಸರ್ದಾರ್‌ಜಿ ಮೆಟ್ಟಿಲ ಕಡೆ ನೋಡಿದರು. ಇನ್ನೊಂದು ಮಾತು ಕೇಳದೆ ಮೂರನೆಯ ಪೊಟ್ಟಣವನ್ನು ಅವರ ಕೈಯಲ್ಲಿಟ್ಟು, ಮೆಲ್ಲಗೆ ಹೇಳಿದರು:

"ದಿಸ್ ಒನ್ ಕೆನ್ ಈಟ್, ಬಾಸ್."