ಡಿಕ್ಕಿಯ ಬಟನ್

ಬೆಳಗಿನಿಂದ ಕ್ಲೈವ್‌ಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಪ್ಪನ ಕಾಲದ ಮಾರಿಸ್ ಕಾರನ್ನು ಕೊಳ್ಳಲು ಸಂಜೆ ಜನ ಬರುತ್ತಾರೆ. ಮಾರುವ ತೀರ್ಮಾನ ಹೆಂಡತಿ ನೋರೀನ್‌ಳದು. ಶೆಡ್ಡಿನಲ್ಲಿ ಅವಳ ಕ್ಯಾರವಾನ್, ಅಂದರೆ ಪ್ರವಾಸದ ಮನೆಗಾಡಿ, ನಿಲ್ಲಬೇಕಂತೆ. ಬೆಂಡಿಗೋ ಊರಿನಲ್ಲಿ ಬಸ್ ಓಡಿಸುವಾಗ ಎಂಥೆಂಥ ಪುಂಡರ ಬಾಯಿ ಮುಚ್ಚಿಸಿದ ಆಸಾಮಿಗೆ ಹೆಂಡತಿಯ ಎದುರು ಮಾತ್ರ ಬೇಡ ಎನ್ನಲು ನಾಲಿಗೆ ಏಳುವುದಿಲ್ಲ.

ಆದರೆ ಕೊಳ್ಳುವ ಹಾರ್ಗ್ರೀವ್ ಫೋನಿನಲ್ಲಿ ಹೇಳಿದ್ದ: "ಫ್ಯಾಕ್ಟರಿಯಿಂದ ಬಂದ ಹಾಗೇ ಇರ್ಬೇಕು. ಒಂದು ತೂತು ಹೆಚ್ಚಿಗೆ ಕಂಡ್ರೂ ನಂಗೆ ಬೇಡ."

ನೋರೀನ್ ಅಂಗಡಿಗೆ ಹೋದದ್ದೇ ತಡ, ಕ್ಲೈವ್ ಡ್ರಿಲ್ ಹಿಡಿದು ಶೆಡ್ಡಿಗೆ ನುಗ್ಗಿದ. "ತಪ್ಪಾಯ್ತಪ್ಪಾ" ಎಂದು ಸತ್ತ ಅಪ್ಪನಿಗೆ ಹೇಳಿ, ಕಾರಿನ ಹಿಂಭಾಗಕ್ಕೆ ಎರಡು ತೂತು ಕೊರೆದ. ಲಾರಿಗೆ ಹಾಕುವಂಥ ಎರಡು ಕೆಂಪು ರಿಫ್ಲೆಕ್ಟರ್ ಸೊಟ್ಟಸೊಟ್ಟಗೆ ಕೂರಿಸಿದ. ಕಾರು ಉಳಿಯಿತಲ್ಲ ಎಂದು ನೆಮ್ಮದಿಯಾಯಿತು.

ಡ್ರಿಲ್ಲಿನ ಸದ್ದಿಗೆ ಪಕ್ಕದ ಮನೆಯ ಲೆಸ್ ಬೇಲಿ ಹಾರಿ ಬಂದ. ರಿಟೈರಾದ ಎಲೆಕ್ಟ್ರಿಷಿಯನ್, ಊರವರ ಕೆಲಸವೆಲ್ಲ ತನ್ನದೇ ಎಂದುಕೊಂಡವನು.

"ಏನೋ ಇದು, ಹೀಗಾ ಬಡಿಯೋದು? ಕೊಡಿಲ್ಲಿ."

"ಹಾಗೇ ಇರ್ಲಿ ಬಿಡೋ."

"ಮಾರೋ ಕಾರು ಕಣೋ, ಮರ್ಯಾದೆ ಬೇಡ್ವಾ?" ಎಂದವನೇ ಬಿಚ್ಚಿ, ಗೆರೆ ಎಳೆದ ಹಾಗೆ ಕೂರಿಸಿಬಿಟ್ಟ.

ಇಷ್ಟು ಚೆನ್ನಾಗಿ ಕಂಡರೆ ಕೆಟ್ಟಿತು ಎಂದು ಕ್ಲೈವ್ ಚಡಪಡಿಸಿದ. "ಡ್ಯಾಶ್‌ಬೋರ್ಡಿಗೂ ಒಂದು ತೂತು ಕೊರೆದು, ಒಳಗಿಂದ್ಲೇ ಡಿಕ್ಕಿ ತೆಗೆಯೋ ಬಟನ್ ಹಾಕ್ಬೋದಾ?"

"ಈಗ ಬುದ್ಧಿ ಬಂತು ನೋಡು." ಲೆಸ್ ಮನೆಗೆ ಓಡಿ ಮೋಟರು, ವೈರು ತಂದ. ಮೊದಲ ಸಲ ಬಟನ್ ಒತ್ತಿದರೆ ಹಾರ್ನ್ ಬಡಿದುಕೊಂಡಿತು. ಮತ್ತೊಮ್ಮೆ ಒತ್ತಿದರೆ ವೈಪರ್ ಕುಣಿಯಿತು. ಕ್ಲೈವ್‌ನ ಮುಖ ಅರಳಿತು. ಆಮೇಲೆ ಒತ್ತಿದಾಗ ಡಿಕ್ಕಿ ಠಕ್ಕೆಂದು ತೆರೆದುಕೊಂಡಿತು.

ಸಂಜೆ ಹಾರ್ಗ್ರೀವ್ ಹೆಂಡತಿಯೊಂದಿಗೆ ಬಂದ. ಹಿಂದೆ ನೋಡಿದ, ಒಳಗೆ ಬಗ್ಗಿದ. ಸಾವಿನ ಮನೆಗೆ ಬಂದವನ ಹಾಗೆ ಮುಖ ಮಾಡಿಕೊಂಡು, "ಕೆಡಿಸಿಬಿಟ್ರಲ್ಲ ಮಾರಾಯ್ರೆ. ನಂಗೆ ಬೇಡ" ಎಂದ.

ನೋರೀನ್ ಗಂಡನನ್ನು ಕೆಕ್ಕರಿಸಿದಳು. ಕ್ಲೈವ್ ತಲೆ ತಗ್ಗಿಸಿದ, ನಗು ಕಾಣಬಾರದಲ್ಲ.

ಅಷ್ಟರಲ್ಲಿ ಹಾರ್ಗ್ರೀವ್‌ನ ಹೆಂಡತಿ ಸೀಟಿನಲ್ಲಿ ಕೂತು ಬಟನ್ ಒತ್ತಿದಳು. ಡಿಕ್ಕಿ ತೆರೆಯಿತು. ಇಳಿದು ಹೋಗಿ ಮುಚ್ಚಿ ಬಂದು ಇನ್ನೊಮ್ಮೆ ಒತ್ತಿದಳು.

"ರೀ, ಮನೇಲಿ ಆರು ಹಳೇ ಕಾರಿವೆ. ಒಂದರ ಡಿಕ್ಕಿಯೂ ನನ್ನ ಕೈಗೆ ಬಗ್ಗಲ್ಲ. ಕತ್ತಲಾದ್ರೆ ಹಿಂದಿನಿಂದ ಯಾರು ಬಂದು ಗುದ್ದುತ್ತಾರೋ ಅಂತ ಭಯ. ಇದಕ್ಕೆ ಹಿಂದೆ ಹೊಳೆಯೋ ರಿಫ್ಲೆಕ್ಟರೂ ಇದೆ. ನಿಮಗೆ ಬೇಡ ತಾನೇ? ಒಳ್ಳೇದೇ ಆಯ್ತು. ಇದು ನಂಗೆ."

ಹಾರ್ಗ್ರೀವ್ ಚೆಕ್ ಬರೆದ.

ಕಾರು ಗೇಟು ದಾಟುವಾಗ ಕ್ಲೈವ್ ಅದರ ಹಿಂದೆಯೇ ನಾಲ್ಕು ಹೆಜ್ಜೆ ಹೋದ. ಲೆಸ್ ಬೆನ್ನು ತಟ್ಟಿ, "ಥ್ಯಾಂಕ್ಸ್ ಎಲ್ಲ ಬೇಡ ಕಣೋ" ಎಂದು ಬೇಲಿ ಹಾರಿದ.

ನೋರೀನ್ ಖಾಲಿ ಶೆಡ್ಡನ್ನೇ ನೋಡುತ್ತ ನಿಂತಿದ್ದಳು. "ಅಪ್ಪನ ಕಾರು, ನೀನು ಬಿಡಲ್ಲ ಅಂದ್ಕೊಂಡಿದ್ದೆ. ಬೇಡ ಅಂತ ಒಂದು ಮಾತು ಅಂದಿದ್ರೆ ಕ್ಯಾರವಾನ್ ಹೊರಗೇ ನಿಲ್ಲಿಸ್ತಿದ್ದೆ. ನೀನು ನೋಡಿದ್ರೆ ಬಟನ್ ಬೇರೆ ಹಾಕಿಸಿ ಕಳಿಸ್ದೆ."